ಪ್ರಾಂಪ್ಟ್ ಬುಕ್ಕಿನ ಖಾಲಿ ಹಾಳೆ: ಮಗಳಿಗೊಂದು ಪತ್ರ

ಕಲಬುರಗಿ
ಭಾನುವಾರ

ಚಿರಂಜೀವಿ ಮಗಳಿಗೆ ಅವ್ವನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಅಲ್ಲಿ ಬ್ರಿಟನ್ನಿನ ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ ಮುಗಿದ ಮೇಲೆ ಪ್ಲೇಸ್‌ಮೆಂಟ್ ವರ್ಷ (ಓದಿನ ಭಾಗವಾಗಿ ಒಂದು ವರ್ಷ ಹೊರಗೆ ಕೆಲಸ) ತಗೊಳ್ಳಲೋ ಬೇಡವೋ, ತಗೊಂಡರೆ ಯಾವ ಕೆಲಸ ಕೇಳಲಿ ಅಂತ. ತಗೋ. ಆದರೆ ನಟಿಸುವ ಕೆಲಸ ಕೇಳಬೇಡ. ಸ್ಟೇಜ್ ಮ್ಯಾನೇಜ್‌ಮೆಂಟ್, ಅಂದರೆ ತಾಲೀಮು ಪ್ರದರ್ಶನ ನಡೆಸುವ ಕೆಲಸ ಕೇಳು, ಪ್ರಾಂಪ್ಟ್ ಬುಕ್ (ನಟರ ಚಲನೆ, ಸೂಚನೆ ಎಲ್ಲ ಗುರುತು ಹಾಕಿದ ನಾಟಕದ ಪ್ರತಿ) ಹಿಡಿಯುವವರ ಪಕ್ಕದ ಕುರ್ಚಿ ಸಿಗುವ ಹಾಗೆ ಕೇಳು. ನಾಟಕ ಬರೆಯಬೇಕು ಅನ್ನುವವಳಿಗೆ ಅದಕ್ಕಿಂತ ಒಳ್ಳೆ ಜಾಗ ರಂಗಮಂದಿರದಲ್ಲಿ ಇನ್ನೊಂದಿಲ್ಲ. ಯಾಕೆ ಅಂತ ಆಮೇಲೆ ಬರೆಯುತ್ತೇನೆ. ಮೊದಲು ಕಾಗದಪತ್ರದ ಮಾತು ಮುಗಿಸಿಬಿಡೋಣ, ಮಂದಿ ಎಡವುವುದು ಅಲ್ಲೇ.

ನಿನ್ನ ಪದವಿ 3 ವರ್ಷದ್ದು, 360 ಕ್ರೆಡಿಟ್. ಎರಡನೇ ಮತ್ತು ಕೊನೆಯ ವರ್ಷದ ನಡುವೆ ಪ್ಲೇಸ್‌ಮೆಂಟ್ ಸೇರಿದರೆ 4 ವರ್ಷ ಆಗುತ್ತದೆ, ಆ ಒಂದು ವರ್ಷದ ಫೀಸು ಉಳಿದ ವರ್ಷಗಳಿಗಿಂತ ಕಡಿಮೆ ಇರುತ್ತದೆ. ಸ್ಟೂಡೆಂಟ್ ವೀಸಾದವರಿಗೆ ಪ್ಲೇಸ್‌ಮೆಂಟ್ ಕೋರ್ಸಿನ ಭಾಗವಾಗಿರಬೇಕು, ಅದಕ್ಕೆ ಮೌಲ್ಯಮಾಪನ ಇರಬೇಕು, ಒಟ್ಟು ಅವಧಿಯ ಅರ್ಧ ದಾಟಬಾರದು. ನಾಲ್ಕರಲ್ಲಿ ಒಂದು ವರ್ಷ ಅಂದರೆ ಆ ಲೆಕ್ಕದಲ್ಲಿ ತೊಂದರೆಯಿಲ್ಲ. ತೊಂದರೆ ಬರುವುದು ಬೇರೆ ಕಡೆಯಿಂದ. ಅಲ್ಲಿಯ ರಂಗಭೂಮಿಯಲ್ಲಿ ಬಹಳಷ್ಟು ಕೆಲಸ ಫ್ರೀಲಾನ್ಸ್. ಇನ್‌ವಾಯ್ಸ್, ಅಂದರೆ ಮಾಡಿದ ಕೆಲಸದ ಬಿಲ್ಲು ಕಳಿಸಿ ದುಡ್ಡು ತಗೋ ಅನ್ನುತ್ತಾರೆ. ನಿನ್ನ ವೀಸಾದಲ್ಲಿ ಸ್ವಂತ ಉದ್ಯೋಗ ನಿಷಿದ್ಧ. ಇನ್‌ವಾಯ್ಸ್ ಒಂದೇ ಆದರೂ ಅದು ಸ್ವಂತ ಉದ್ಯೋಗವೇ. ಹಾಗಾಗಿ ಯಾವ ಕಂಪನಿ ಜೊತೆ ಮಾತಾಡಿದರೂ ಮೊದಲ ಪ್ರಶ್ನೆ ಇದಿರಲಿ: ನನ್ನನ್ನು ಯಾವ ಲೆಕ್ಕದಲ್ಲಿ ತಗೊಳ್ಳುತ್ತೀರಿ, ಯೂನಿವರ್ಸಿಟಿ ಜೊತೆ ಕರಾರಿಗೆ ಸಹಿ ಹಾಕುತ್ತೀರಾ? ವೇದಿಕೆ ಮೇಲೆ ನಟಿಸಿ ದುಡಿಯುವುದಕ್ಕೂ ಈ ವೀಸಾದಲ್ಲಿ ನಿರ್ಬಂಧ ಇದೆ. ನಾಟಕದ ಕೋರ್ಸಿನ ಪ್ಲೇಸ್‌ಮೆಂಟಿಗೆ ವಿನಾಯಿತಿ ಇದ್ದರೂ, ಅದು ನಿನ್ನ ಕೋರ್ಸಿಗೆ ಅನ್ವಯಿಸುತ್ತದೆ ಅಂತ ಇಂಟರ್‌ನ್ಯಾಷನಲ್ ಆಫೀಸಿನವರಿಂದ ಇಮೇಲಿನಲ್ಲಿ ಬರೆಸಿಕೊಂಡೇ ಮುಂದೆ ಹೆಜ್ಜೆ ಇಡು. ಬಾಯಿಮಾತು ಸಾಲದು.

ಇನ್ನೊಂದು, ಸಂಬಳ. ಕೋರ್ಸಿನ ಭಾಗವಾಗಿ ಒಂದು ವರ್ಷದೊಳಗೆ ಮಾಡುವ ಪ್ಲೇಸ್‌ಮೆಂಟಿಗೆ ಆ ದೇಶದ ಕನಿಷ್ಠ ವೇತನದ ಕಾಯ್ದೆ ಅನ್ವಯಿಸುವುದಿಲ್ಲ. ಕೊಡುವವರು ಕೊಡುತ್ತಾರೆ, ಕೊಡದವರು ಬಸ್ ಪಾಸು ಮಧ್ಯಾಹ್ನದ ಊಟಕ್ಕೇ ಮುಗಿಸುತ್ತಾರೆ, ಎರಡೂ ಕಾನೂನಿನ ಒಳಗೇ. ಅದಕ್ಕೇ ಊರು ಆರಿಸುವಾಗ ರಂಗಮಂದಿರದ ಹೆಸರು ನೋಡುವ ಮೊದಲು ಅಲ್ಲಿಯ ಮನೆ ಬಾಡಿಗೆ ನೋಡು. ಲಂಡನ್ನಿನ ದೊಡ್ಡ ಹೆಸರಿನ ಥಿಯೇಟರಿನಲ್ಲಿ ಫೋಟೋಕಾಪಿ ಮಾಡುತ್ತ ಕೂರುವುದಕ್ಕಿಂತ ಸಣ್ಣ ಊರಿನ ಪ್ರೊಡ್ಯೂಸಿಂಗ್ ಥಿಯೇಟರಿನಲ್ಲಿ ಮೂರು ನಾಟಕ ತಾಲೀಮಿನಿಂದ ಕೊನೇ ಪ್ರದರ್ಶನದವರೆಗೆ ನೋಡುವುದು ಲೇಸು. ಪ್ರೊಡ್ಯೂಸಿಂಗ್ ಅನ್ನುವ ಶಬ್ದ ಮರೆಯಬೇಡ: ತಾವೇ ನಾಟಕ ಕಟ್ಟುವವರು. ಬರೀ ಹೊರಗಿನ ತಂಡ ಕರೆಸಿ ಆಡಿಸುವ ಜಾಗದಲ್ಲಿ ತಾಲೀಮೇ ನಡೆಯುವುದಿಲ್ಲ, ನಿನಗೆ ನೋಡಲು ಏನೂ ಇರುವುದಿಲ್ಲ.

ಹುಡುಕುವುದು ಎರಡನೇ ವರ್ಷದ ಅಕ್ಟೋಬರಿನಲ್ಲೇ ಶುರುವಾಗಬೇಕು. ಫೆಬ್ರವರಿ ದಾಟಿದರೆ ಕೈಗೆ ಸಿಗುವುದು ಯಾರಿಗೂ ಬೇಡವಾದ ಕೆಲಸ. ಸಿಗದೇ ಹೋದರೆ ಸಾಮಾನ್ಯವಾಗಿ 3 ವರ್ಷದ ಕೋರ್ಸಿಗೇ ವಾಪಸು ಹಾಕುತ್ತಾರೆ, ಅದನ್ನು ಯೂನಿವರ್ಸಿಟಿಯವರು ವೀಸಾ ಕಚೇರಿಗೆ ತಿಳಿಸಲೇಬೇಕು, ವೀಸಾ ಅವಧಿಯೂ ಮೊಟಕಾಗಬಹುದು. ಕರಾರಿಗೆ ನಿನ್ನದು, ಕಂಪನಿಯದು, ಯೂನಿವರ್ಸಿಟಿಯದು ಅಂತ ಮೂವರ ಸಹಿ ಬೀಳುವವರೆಗೆ ಆ ವರ್ಷದ ಮನೆಗೆ ಅಡ್ವಾನ್ಸ್ ಕೊಡಬೇಡ.

ಅರ್ಜಿಯ ಪತ್ರದಲ್ಲಿ "ಚಿಕ್ಕಂದಿನಿಂದಲೂ ನನಗೆ ನಾಟಕವೆಂದರೆ ಪ್ರಾಣ" ಅಂತ ಬರೆಯಬೇಡ, ಎಲ್ಲರೂ ಅದನ್ನೇ ಬರೆದಿರುತ್ತಾರೆ. ಡಿಪಾರ್ಟ್‌ಮೆಂಟಿನ ನಾಟಕದಲ್ಲಿ ಎಷ್ಟು ಕ್ಯೂ (ಬೆಳಕು, ಧ್ವನಿ ಬದಲಿಸುವ ಸೂಚನೆ) ಕರೆದೆ, ಎಷ್ಟು ಜನರ ತಂಡ, ಯಾವುದು ಕೆಟ್ಟಿತು, ಏನು ಮಾಡಿದೆ ಅಂತ ನಾಲ್ಕು ಸಾಲು ಸಾಕು. ಅಂಥ ಅನುಭವ ಇನ್ನೂ ಇಲ್ಲದಿದ್ದರೆ ಈ ಟರ್ಮಿನಲ್ಲೇ ವಿದ್ಯಾರ್ಥಿಗಳ ನಾಟಕ ಸಂಘಕ್ಕೆ ಹೋಗಿ ಬುಕ್ ಹಿಡಿಯುತ್ತೇನೆ ಅನ್ನು. ಪಾತ್ರ ಕೇಳುವವರು ಇಪ್ಪತ್ತು ಮಂದಿ ಇರುತ್ತಾರೆ. ಬುಕ್ ಕೇಳುವವರು ಒಬ್ಬರೂ ಇರುವುದಿಲ್ಲ, ತಕ್ಷಣ ಕೊಡುತ್ತಾರೆ.

ಈಗ ಆ ಬುಕ್ಕಿಗೆ ಬರೋಣ.

ಎ4 ಹಾಳೆಗೆ ಒಂದೇ ಮಗ್ಗುಲಿಗೆ ನಾಟಕ ಪ್ರಿಂಟ್ ಹಾಕಿ ರಿಂಗ್ ಫೈಲಿಗೆ ಏರಿಸುತ್ತಾರೆ. ತೆರೆದರೆ ಒಂದು ಕಡೆ ಮಾತು, ಎದುರಿಗೆ ಖಾಲಿ ಹಾಳೆ. ಖಾಲಿ ಹಾಳೆಯ ಮೇಲೆ ಯಾರು ಯಾವಾಗ ಎಲ್ಲಿಂದ ಎಲ್ಲಿಗೆ ನಡೆದರು ಅನ್ನುವುದು, ಮಾತಿನಲ್ಲಿ ಒಂದು ನಂಬರು, ಎದುರಿಗೆ ಅದೇ ನಂಬರಿನ ಚಲನೆ. ಎಲ್ಲ ಪೆನ್ಸಿಲಿನಲ್ಲೇ, ಯಾಕಂದರೆ ಮಂಗಳವಾರ ಎಡಕ್ಕೆ ಹೋದ ನಟನನ್ನು ಬುಧವಾರ ನಿರ್ದೇಶಕರು ಬಲಕ್ಕೆ ಕಳಿಸುತ್ತಾರೆ. ಪೆನ್ನಿನಲ್ಲಿ ಬರೆದ ಬುಕ್ ಎರಡನೇ ವಾರಕ್ಕೆ ಓದಲು ಬಾರದ ಹಾಗೆ ಆಗಿರುತ್ತದೆ. ತಾಂತ್ರಿಕ ತಾಲೀಮು ಬಂದಾಗ ಅಂಚಿನಲ್ಲಿ ಕ್ಯೂಗಳು ಸೇರುತ್ತವೆ: ಬೆಳಕಿಗೆ ಎಲ್‌ಎಕ್ಸ್ 14, ಧ್ವನಿಗೆ ಸೌಂಡ್ 6. ಕ್ಯೂ ಬರುವ ಶಬ್ದದ ಕೆಳಗೆ ಗೆರೆ, ಅಲ್ಲಿಂದ ಅರ್ಧ ಪುಟ ಮೇಲೆ ಸ್ಟ್ಯಾಂಡ್‌ಬೈ ಗುರುತು. ಹೆಡ್‌ಸೆಟ್ಟಿನಲ್ಲಿ "ಸ್ಟ್ಯಾಂಡ್‌ಬೈ ಎಲ್‌ಎಕ್ಸ್ 14" ಅಂದರೆ ಆಪರೇಟರ್ ಕೈ ಬಟನ್ ಮೇಲೆ ಬರುತ್ತದೆ. "ಎಲ್‌ಎಕ್ಸ್ 14, ಗೋ" ಅಂದರೆ ಒತ್ತುತ್ತಾರೆ. ಗೋ ಯಾವಾಗಲೂ ಕೊನೆಯ ಶಬ್ದ. ಹೆಡ್‌ಸೆಟ್ ಹಾಕಿಕೊಂಡು ಬೇರೆ ಯಾವ ಮಾತಿನಲ್ಲೂ ಅದನ್ನು ಬಳಸಬಾರದು. ಬಳಸಿದರೆ ಯಾರೋ ಒಬ್ಬರು ಒತ್ತಿಬಿಡುತ್ತಾರೆ. ವಿಂಗಿನಲ್ಲಿ, ಅಂದರೆ ವೇದಿಕೆಯ ಪಕ್ಕದ ಮರೆಯಲ್ಲಿ, ಹೆಡ್‌ಸೆಟ್ ಇಲ್ಲದೆ ನಿಂತವರಿಗೆ ಕ್ಯೂ ಲೈಟು: ಕೆಂಪು ಅಂದರೆ ಸಿದ್ಧ, ಹಸಿರು ಅಂದರೆ ಹೊರಡು.

ಇದರಲ್ಲಿ ಬರವಣಿಗೆ ಎಲ್ಲಿಂದ ಬಂತು ಅಂತೀಯಾ? ಒಂದು ದೃಶ್ಯದ ಕೊನೆಗೆ "ಹೌದು" ಅಂದಾಗ ಕತ್ತಲಾಗಬೇಕು ಅಂತ ನಾಟಕಕಾರ ಬರೆದಿದ್ದಾನೆ ಅನ್ನು. ಆದರೆ ಅದೇ ಪಾತ್ರ ಅದೇ ಪುಟದಲ್ಲಿ ಮೂರು ಸಲ ಹೌದು ಅನ್ನುತ್ತದೆ. ಒಂದಲ್ಲ ಒಂದು ರಾತ್ರಿ ನಟ ಎರಡು ಸಾಲು ಹಾರಿಸುತ್ತಾನೆ, ಕ್ಯೂ ಕರೆಯುವವಳು ಎರಡನೇ ಹೌದಿಗೇ ಗೋ ಅನ್ನುತ್ತಾಳೆ, ಅಳುತ್ತಿರುವ ತಾಯಿಯ ಮುಖದ ಮೇಲಿನ ಬೆಳಕು ಅರ್ಧ ಮಾತಿಗೇ ಆರುತ್ತದೆ. ಬೈಗುಳ ಬೀಳುವುದು ಕ್ಯೂ ಕರೆದವಳಿಗೆ. ತಪ್ಪು ಇರುವುದು ಬರೆದ ಸಾಲಿನಲ್ಲಿ. ದೃಶ್ಯ ಮುಗಿಸುವ ಶಬ್ದ ಆ ಪುಟದಲ್ಲಿ ಇನ್ನೆಲ್ಲೂ ಬರಬಾರದು, ವಾಕ್ಯದ ಕೊನೆಯಲ್ಲೇ ಇರಬೇಕು, ನಟ ನುಂಗಲಾರದ ಶಬ್ದವಾಗಿರಬೇಕು. ಇದನ್ನು ಕ್ಲಾಸಿನಲ್ಲಿ ಹೇಳಿಕೊಡುವುದು ಕಡಿಮೆ.

ಇನ್ನೊಂದು ಗುರುತು ಇದೆ. ತಾಲೀಮಿನಲ್ಲಿ ನಟ ಮಾತು ಮರೆತು "ಲೈನ್" ಅಂದಾಗ ಬುಕ್ಕಿನವರು ಸಾಲು ಹೇಳಿಕೊಡುತ್ತಾರೆ, ಅಲ್ಲೊಂದು ಚುಕ್ಕೆ ಇಡುತ್ತಾರೆ. ನಮ್ಮ ಕಂಪನಿ ನಾಟಕದಲ್ಲಿ ವಿಂಗಿನ ಮರೆಯಿಂದ ಪ್ರಾಂಪ್ಟರ್ ಪ್ರದರ್ಶನದ ನಡುವೆಯೂ ಮಾತು ಎತ್ತಿಕೊಡುತ್ತಾನೆ, ಪೇಟಿ ಮಾಸ್ತರ ಸಂದು ತುಂಬುತ್ತಾನೆ. ಅಲ್ಲಿ ಆ ಆಸರೆ ಇಲ್ಲ. ಐದು ದಿನ ಒಂದೇ ಸಾಲಿಗೆ ಚುಕ್ಕೆ ಬಿದ್ದರೆ ನಟನ ನೆನಪಿನ ಶಕ್ತಿ ಬಗ್ಗೆ ಮಾತಾಡಬೇಡ, ಆ ಸಾಲು ನೋಡು. ಹೆಚ್ಚಾಗಿ ಅದು ಹಿಂದಿನ ಮಾತಿಗೆ ಉತ್ತರವೇ ಆಗಿರುವುದಿಲ್ಲ, ಹಾಗಾಗಿ ನೆನಪಿಗೆ ಹಿಡಿಯಲು ಕೊಕ್ಕೆ ಇರುವುದಿಲ್ಲ. ಇಲ್ಲಾ, ವಿಷಯ ತಲೆಕೆಳಗಾಗಿರುತ್ತದೆ. ನಿನ್ನ ಹಳೇ ನಾಟಕದ ಸಾಲು ನೋಡು: "ನಾಳೆ ಬೆಳಿಗ್ಗೆ ಹೊಲಕ್ಕೆ ಹೋಗಬೇಕಾಗಿರುವುದರಿಂದ ನನಗೆ ಬರಲಾಗುವುದಿಲ್ಲ." ಎದುರಿನ ನಟಿ ಕೊನೆಯ ಶಬ್ದ ಬರುವವರೆಗೂ ಗೊಂಬೆ ಹಾಗೆ ನಿಂತಿರಬೇಕು. "ನಾ ಬರಂಗಿಲ್ಲ. ಮುಂಜಾನಿ ಹೊಲಕ್ಕ ಹೋಗೋದದ." ಈಗ ಮೊದಲ ಎರಡು ಶಬ್ದಕ್ಕೇ ಅವಳ ಮುಖ ಬದಲಾಗುತ್ತದೆ, ಕಾರಣ ಆಮೇಲೆ ಬಂದು ಆ ಮುಖಕ್ಕೇ ಬಡಿಯುತ್ತದೆ. ನೀನು ಇಂಗ್ಲಿಷಿನಲ್ಲಿ ಬರೆಯುವಾಗಲೂ ಲೆಕ್ಕ ಇದೇ. ನಮ್ಮ ಕಲಬುರಗಿ ಮಾತು ಈ ಕೆಲಸ ತಾನಾಗಿಯೇ ಮಾಡುತ್ತದೆ, ಅದನ್ನು ಕಿವಿಯಲ್ಲಿ ಇಟ್ಟುಕೊ.

ಪ್ರದರ್ಶನಕ್ಕೆ ಮುಂಚೆ ನಟರಿಗೆ ಹೊತ್ತು ತಿಳಿಸಲು ಕೂಗುವ ಕರೆಗಳಿವೆ, ಆ ಸಮಯದ ಪಾಠ ಬೇಗ ಹೇಳಿಬಿಡುತ್ತೇನೆ. ಪ್ರದರ್ಶನ 7:30ಕ್ಕೆ ಇದ್ದರೆ "ಹಾಫ್" ಕರೆಯುವುದು 6:55ಕ್ಕೆ, 7ಕ್ಕೆ ಅಲ್ಲ. "ಕ್ವಾರ್ಟರ್" 7:10ಕ್ಕೆ, "ಫೈವ್" 7:20ಕ್ಕೆ, ಮೊದಲ ದೃಶ್ಯದವರನ್ನು ಕರೆಯುವ "ಬಿಗಿನರ್ಸ್" 7:25ಕ್ಕೆ. ಎಲ್ಲ ಲೆಕ್ಕವೂ ಬಿಗಿನರ್ಸ್ ಕರೆಯಿಂದ ಹಿಂದಕ್ಕೆ, ಪರದೆ ಏಳುವ ಹೊತ್ತಿನಿಂದ ಅಲ್ಲ. ಹೊಸಬರು ಮೊದಲ ದಿನ ಇಲ್ಲೇ 5 ನಿಮಿಷ ಕಳೆದುಕೊಳ್ಳುತ್ತಾರೆ.

ಪ್ಲೇಸ್‌ಮೆಂಟಿನ ಕೊನೆಗೆ ನೀನು ಕೊಡಬೇಕಾದ ಲಾಗ್ ಬುಕ್ಕನ್ನು ಕೊನೇ ವಾರ ಕೂತು ಬರೆದರೆ ಅದು ಓದುವವರಿಗೆ ಗೊತ್ತಾಗುತ್ತದೆ. "ಬಹಳ ಕಲಿತೆ" ಅನ್ನುವ ವಾಕ್ಯಕ್ಕೆ ಅಂಕ ಇಲ್ಲ. ರಾತ್ರಿ ಮಲಗುವ ಮುಂಚೆ 10 ನಿಮಿಷ: ತಾರೀಕು, ಇವತ್ತು ಯಾವ ಸಾಲು ಬದಲಾಯಿತು, ಯಾರು ಬದಲಿಸಿದರು, ಬದಲಿಸಿದ ಮೇಲೆ ದೃಶ್ಯ ಏನಾಯಿತು. ಸ್ಕ್ರಿಪ್ಟಿನ ಫೋಟೋ ಅಂಟಿಸುವ ಮುಂಚೆ ಮಾತ್ರ ಕೇಳು. ಇನ್ನೂ ಆಡದ ನಾಟಕದ ಒಂದು ಪುಟ ಹೊರಗೆ ಹೋದರೂ ನಿನ್ನನ್ನು ಮತ್ತೆ ತಾಲೀಮಿಗೆ ಬಿಡುವುದಿಲ್ಲ.

ಬರವಣಿಗೆ ವರ್ಕ್‌ಶಾಪಿನಲ್ಲಿ 64 ಬಂತು ಅಂತ ಸಪ್ಪೆ ಧ್ವನಿಯಲ್ಲಿ ಹೇಳಿದೆ. ಅಲ್ಲಿ 40 ಪಾಸು, 60 ಒಳ್ಳೆಯದು, 70 ಫಸ್ಟ್ ಕ್ಲಾಸು. ಪಿಯುಸಿಯ 94ರ ಪಕ್ಕ ಇಟ್ಟು ನೋಡಬೇಡ. ನಿನ್ನ ಪುಟ ಬೇರೆಯವರು ಓದುವಾಗ ವಿವರಣೆ ಕೊಡಲು ಬಾಯಿ ಹಾಕುತ್ತೀ ಅಂತ ಮೇಷ್ಟ್ರು ಬರೆದಿದ್ದಾರಲ್ಲ, ಅದು ಸರಿಯಾದ ದೂರು. ಓದುವವರು ಎಲ್ಲಿ ತಡವರಿಸಿದರು ಅಂತ ಪೆನ್ಸಿಲಿನಲ್ಲಿ ಗೆರೆ ಹಾಕುತ್ತ ಸುಮ್ಮನೆ ಕೂತುಕೊ. ಆ ಗೆರೆಗಳೂ ಚುಕ್ಕೆಯ ಹಾಗೆಯೇ.

ಬೇಸಿಗೆ ರಜೆಗೆ ಬಂದಾಗ ಪಂಡಿತ ರಂಗಮಂದಿರದಲ್ಲಿ ಯಾವುದಾದರೂ ನಾಟಕ ಇದ್ದರೆ, ಇಲ್ಲಾ ಇಲ್ಲಿಯ ರಂಗಾಯಣದವರು ಒಪ್ಪಿದರೆ, ಒಂದು ನಾಟಕಕ್ಕೆ ಕನ್ನಡದಲ್ಲೇ ಕ್ಯೂ ಶೀಟು ಮಾಡು. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಕ್ಯೂ ಎಲ್ಲಿ ಇಡಬೇಕು ಅನ್ನುವುದು ಇಂಗ್ಲಿಷಿಗಿಂತ ಸುಲಭವೋ ಕಷ್ಟವೋ, ಮಾಡಿ ನೋಡಿದಾಗಲೇ ಗೊತ್ತಾಗುವುದು. ಕೊನೇ ವರ್ಷದ ಪ್ರಬಂಧಕ್ಕೆ ಅದೇ ವಿಷಯ ಆದೀತು.

ಕಡಕ್ ರೊಟ್ಟಿ, ಶೇಂಗಾ ಹಿಂಡಿ ಪಾರ್ಸೆಲ್ ಕಟ್ಟಿದ್ದೇನೆ. ತುಪ್ಪ ಇಟ್ಟಿಲ್ಲ; ಇಲ್ಲಿಂದ ಹಾಲಿನ ಪದಾರ್ಥ ಕಳಿಸಿದರೆ ಅಲ್ಲಿ ಕಸ್ಟಮ್ಸಿನವರು ಎಸೆಯುತ್ತಾರೆ. ರೊಟ್ಟಿ ನಡುವೆ ಒಂದು ಡಜನ್ 2ಬಿ ಪೆನ್ಸಿಲ್, ಎರಡು ರಬ್ಬರ್ ಇವೆ. ಎಚ್‌ಬಿ ವಿಂಗಿನ ನೀಲಿ ಬೆಳಕಿನಲ್ಲಿ ಮಸುಕು ಕಾಣುತ್ತದೆ, ಅದಕ್ಕೇ 2ಬಿ.

ನಿನ್ನ
ಅವ್ವ