ಕಡಲಿಗೆ ಬರುವ ಮೊದಲು ಇಳಿತದ ಹೊತ್ತು ಕೇಳು

ಪ್ರೀತಿಯ ಗೆಳೆಯಾ,

ಕರಾವಳಿ ಪ್ರವಾಸಕ್ಕೆ ಅಂತ ನೀನು ಕಳಿಸಿದ ಪಟ್ಟಿ ಸಿಕ್ಕಿತು. ನಾಲ್ಕು ದಿನಕ್ಕೆ ಹನ್ನೊಂದು ಜಾಗ! ನಿನ್ನ ಮಗಳಿಗೆ ಎಂಟು ವರ್ಷ, ಮಗನಿಗೆ ನಾಲ್ಕು. ಜೊತೆಗೆ ಅಮ್ಮನೂ ಬರುತ್ತಿದ್ದಾರೆ. ಅವರ ಮಂಡಿನೋವು ನನಗೂ ಗೊತ್ತು. ಹೀಗೆ ಓಡಿದರೆ ಮಕ್ಕಳಿಗೆ ನೆನಪು ಉಳಿಯುವುದು ಕಾರಿನ ಸೀಟು ಮಾತ್ರ. ಅದಕ್ಕೇ ಪಟ್ಟಿಯಲ್ಲಿ ಮುಕ್ಕಾಲು ಪಾಲು ಹೊಡೆದುಹಾಕಿದ್ದೇನೆ, ಬೇಜಾರು ಮಾಡ್ಕೋಬೇಡ. ಯಾಣದಲ್ಲಿ ನಡಿಗೆ ಜಾಸ್ತಿ, ಅಮ್ಮನಿಗೆ ಆಗಲ್ಲ. ಮಂಗಳೂರಿನ ಪಿಲಿಕುಳ ಉದ್ಯಾನಕ್ಕೆ ಇಡೀ ಒಂದು ದಿನ ಬೇಕು, ಅದು ಮುಂದಿನ ಸಲಕ್ಕೆ ಇರಲಿ. ಎರಡು ರಾತ್ರಿ ಹೊನ್ನಾವರ, ಒಂದು ರಾತ್ರಿ ಕುಂದಾಪುರದಲ್ಲಿ ನಮ್ಮ ಮನೆ. ಅಷ್ಟು ಸಾಕು.

ದಾವಣಗೆರೆಯಿಂದ ಶಿವಮೊಗ್ಗ, ಸಾಗರದ ಮೇಲೆ ಬಾ. ಗೇರುಸೊಪ್ಪದ ಘಟ್ಟ ಇಳಿಯುವಾಗ ನಿಧಾನ ಇರಲಿ. ತಿರುವು ಜಾಸ್ತಿ, ಪುಟ್ಟನಿಗೆ ವಾಂತಿ ಆಗಬಹುದು. ನಿಧಾನ ಬರಲು ಇನ್ನೊಂದು ಕಾರಣವೂ ಇದೆ. ಅಲ್ಲಿ ಸಿಂಗಳೀಕಗಳಿವೆ. ಕಪ್ಪು ಮೈ, ಮುಖದ ಸುತ್ತ ಬೂದು ಜೂಲು, ಬಾಲದ ತುದಿಗೆ ಒಂದು ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ. ಕಂಡರೆ ಕಾರೊಳಗಿಂದಲೇ ನೋಡಿ. ಬಿಸ್ಕತ್ತು, ಬಾಳೆಹಣ್ಣು ಮಾತ್ರ ಎಸೆಯಬೇಡಿ. ತಿಂಡಿಯ ಆಸೆಗೆ ಅವು ರಸ್ತೆಗೆ ಇಳಿದು ಗಾಡಿಗೆ ಸಿಗುತ್ತವೆ.

ಈಗ ಮುಖ್ಯ ವಿಷಯ. ನಮ್ಮ ಕಡೆ ಮಕ್ಕಳನ್ನು ಕರೆದುಕೊಂಡು ಹೊರಡುವ ಮೊದಲು ಇಳಿತ ಯಾವಾಗ ಅಂತ ಕೇಳಬೇಕು. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಆ ಹೊತ್ತು ದಿನದಿಂದ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಭರತವೂ ಜೋರು, ಇಳಿತವೂ ಜೋರು. ಇದನ್ನು ನೋಡದೆ ನಾನು ಒಮ್ಮೆ ಮಗಳನ್ನು ಹೊನ್ನಾವರದ ಕಾಂಡ್ಲಾ ಕಾಡಿಗೆ (ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರಗಳು) ಕರೆದುಕೊಂಡು ಹೋಗಿದ್ದೆ. ಭರತದ ಹೊತ್ತು. ಎಲ್ಲಿ ನೋಡಿದರೂ ನೀರು, ಅದರ ಮೇಲೆ ಹಸಿರು ತಲೆಗಳು. 'ಏಡಿ ತೋರಿಸ್ತೀನಿ ಅಂದ್ಯಲ್ಲಪ್ಪಾ' ಅಂತ ಅವಳು ಅತ್ತೇಬಿಟ್ಟಳು.

ಮರುದಿನ ಇಳಿತ ನೋಡಿಕೊಂಡು ಮತ್ತೆ ಹೋದೆವು. ಶರಾವತಿ ಕಾಂಡ್ಲಾ ನಡಿಗೆ ಅಂತ ಅರಣ್ಯ ಇಲಾಖೆ ಅಲ್ಲಿ ಹಲಗೆ ಹಾಸಿದ ದಾರಿ ಮಾಡಿದೆ. ಮರಗಳ ನಡುವೆಯೇ ಹೋಗಬಹುದು, ಅಮ್ಮನೂ ಆರಾಮಾಗಿ ನಡೆಯುತ್ತಾರೆ. ಕೆಳಗೆ ಬರೀ ಕೆಸರು. ಮೊದಲ ಎರಡು ನಿಮಿಷ ಏನೂ ಕಾಣಲ್ಲ. ನಮ್ಮ ಹೆಜ್ಜೆ ಸದ್ದಿಗೆ ಎಲ್ಲವೂ ಬಿಲ ಸೇರಿರುತ್ತವೆ. ಸುಮ್ನೆ ನಿಲ್ಲಬೇಕು. ಆಗ ಒಂದು ಬಿಲದಿಂದ ಎರಡು ಕಣ್ಣು ಮೇಲೆ ಬರುತ್ತವೆ. ಆಮೇಲೆ ಏಡಿ. ಗಂಡಿಗೆ ಒಂದು ಕೊಂಬು (ಇಕ್ಕಳದಂಥ ಕೈ) ಸಣ್ಣದು, ಇನ್ನೊಂದು ಅದರ ಮೈಯಷ್ಟೇ ದೊಡ್ಡದು. ಸಣ್ಣ ಕೊಂಬಿನಿಂದ ಕೆಸರು ತೆಗೆದು ಬಾಯಿಗೆ ಇಡುತ್ತದೆ. ದೊಡ್ಡದನ್ನು ಮೇಲೆತ್ತಿ ಬೀಸುತ್ತದೆ, ಹೆಣ್ಣನ್ನು ಕರೆಯುವುದು ಹಾಗೆ. ಒಂದು ಬೀಸಿದರೆ ಪಕ್ಕದ್ದೂ ಬೀಸುತ್ತದೆ. ನೋಡ್ತಾ ನೋಡ್ತಾ ಇಡೀ ಕೆಸರೇ ಕೈ ಬೀಸಿದಂತೆ ಕಾಣುತ್ತದೆ. ನನ್ನ ಮಗಳು ಹಲಗೆಯ ಮೇಲೆ ಹೊಟ್ಟೆ ಊರಿ ಮಲಗಿ ತಾನೂ ಕೈ ಬೀಸಿದಳು. ಮುಕ್ಕಾಲು ಗಂಟೆ ಅಲ್ಲಿಂದ ಏಳಲಿಲ್ಲ.

ಕೆಸರಿನ ಮೇಲೆ ಜಿಗಿಯುವ ಮೀನೂ ಇದೆ. ಕಣ್ಣು ನೆತ್ತಿಯ ಮೇಲೆ. ಮೈ ಒದ್ದೆ ಇರುವಷ್ಟು ಹೊತ್ತು ಚರ್ಮದಿಂದಲೂ ಉಸಿರಾಡುತ್ತದೆ. ಕಾಂಡ್ಲಾ ಮರದಲ್ಲಿ ನುಗ್ಗೆಕಾಯಿಯ ಹಾಗೆ ಜೋತಾಡುವುದನ್ನು ಮಗಳಿಗೆ ತೋರಿಸು. ಬೀಜ ಮರದಲ್ಲೇ ಮೊಳೆತು ಅಷ್ಟುದ್ದ ಆಗಿರುವುದು. ಬಿದ್ದ ಕಡೆ ಕೆಸರಿಗೆ ನಾಟಿಕೊಂಡು ಬೇರು ಬಿಡುತ್ತದೆ, ಇಲ್ಲದಿದ್ದರೆ ನೀರಲ್ಲಿ ತೇಲಿ ಇನ್ನೊಂದು ದಂಡೆ ಸೇರುತ್ತದೆ.

ಈಜಾಡಲು ಹೊನ್ನಾವರದ ಹತ್ತಿರದ ಕಾಸರಕೋಡಿನ ಇಕೋ ಬೀಚ್‌ಗೆ ಹೋಗಿ. 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕ ಜಾಗ. ಸ್ನಾನದ ಮನೆ, ಬಟ್ಟೆ ಬದಲಿಸಲು ಜಾಗ, ಕಾವಲಿಗೆ ಜೀವರಕ್ಷಕರು ಎಲ್ಲ ಇದ್ದಾರೆ. ಅವರು ಹೇಳಿದ ಗೆರೆ ದಾಟಬೇಡಿ. ನದಿ ಕಡಲು ಸೇರುವ ಅಳಿವೆಯ ಹತ್ತಿರವಂತೂ ನೀರಿಗೆ ಇಳಿಯಲೇಬೇಡಿ, ಎಷ್ಟೇ ಶಾಂತವಾಗಿ ಕಂಡರೂ. ನಾನು ಒಂಬತ್ತು ವರ್ಷದವನಿದ್ದಾಗ ಅಳಿವೆಯಲ್ಲಿ ಮೊಣಕಾಲಷ್ಟು ನೀರಲ್ಲಿ ನಿಂತಿದ್ದೆ. ಇಳಿತದ ಸೆಳೆತಕ್ಕೆ ಕಾಲಡಿಯ ಮರಳೇ ಜಾರಿಹೋಯಿತು. ಮಾವ ಕೂದಲು ಹಿಡಿದು ಎಳೆಯದಿದ್ದರೆ ಇವತ್ತು ಈ ಪತ್ರ ಬರೆಯುತ್ತಿರಲಿಲ್ಲ.

ಕಾಸರಕೋಡು, ಟೊಂಕದ ದಂಡೆಗೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ. ಮರಿ ಬರಲು ಒಂದೂವರೆಯಿಂದ ಎರಡು ತಿಂಗಳು. ಮರಳು ಬಿಸಿ ಜಾಸ್ತಿ ಇದ್ದರೆ ಹೆಣ್ಣುಮರಿ ಜಾಸ್ತಿ. ಗೂಡಿಗೆ ಬೇಲಿ ಕಟ್ಟಿದ್ದು ಕಂಡರೆ ದೂರದಿಂದಲೇ ನೋಡಿ. ರಾತ್ರಿ ದಂಡೆಯಲ್ಲಿ ಮೊಬೈಲ್ ಬೆಳಕು ಬಿಡಬೇಡಿ. ಮರಿಗಳು ಬೆಳಕು ಕಂಡ ಕಡೆ ಹೋಗುತ್ತವೆ. ಕಡಲಿನ ಹೊಳಪು ಬಿಟ್ಟು ನಮ್ಮ ಟಾರ್ಚಿನ ಹಿಂದೆ ಬಂದರೆ ಅವು ಉಳಿಯುವುದಿಲ್ಲ.

ಸಂಜೆಗೆ ಅಪ್ಸರಕೊಂಡ. ಮೇಲಿನ ಉದ್ಯಾನದಲ್ಲಿ ಅಮ್ಮ ಕೂತು ಕಡಲು ನೋಡಲಿ. ಜಲಪಾತ ಜನವರಿಯಲ್ಲಿ ಸಣ್ಣಗಾಗಿರುತ್ತದೆ, ದೊಡ್ಡ ಆಸೆ ಇಟ್ಟುಕೊಳ್ಳಬೇಡ.

ಮೂರನೇ ದಿನ ಮರವಂತೆ ದಾಟಿ ನಮ್ಮನೆಗೆ ಬನ್ನಿ. ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ. ಅಲ್ಲಿ ನೋಡುವುದಷ್ಟೇ, ನೀರಿಗಿಳಿಯುವುದು ಬೇಡ. ರಾತ್ರಿಗೆ ನೀರ್ ದೋಸೆ ಇರುತ್ತೆ.

ನಾಲ್ಕನೇ ದಿನ ಬೆಳಿಗ್ಗೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ. ಮೊದಲ ದೋಣಿಗೇ ಹತ್ತಿ, ಹೊತ್ತೇರಿದರೆ ಕಲ್ಲು ಕಾದುಬಿಡುತ್ತದೆ. ಆರು ಮೂಲೆಯ ಕಂಬಗಳನ್ನು ಜೋಡಿಸಿಟ್ಟ ಹಾಗೆ ಬಂಡೆ. ಕೆರೆಯ ಕೆಸರು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತಲ್ಲ, ಹಾಗೆಯೇ ಕುದಿಯುವ ಲಾವಾ ತಣಿದು ಕುಗ್ಗುವಾಗ ಬಿರಿದದ್ದು ಇದು. ಸುಮಾರು 8.8 ಕೋಟಿ ವರ್ಷದ ಹಿಂದಿನ ಮಾತು. ಆಗ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿತ್ತು. ಮಗಳಿಗೆ ಭೂಪಟದಲ್ಲಿ ಮೊದಲೇ ಮಡಗಾಸ್ಕರ್ ದ್ವೀಪ ತೋರಿಸಿಡು. ದಂಡೆಯ ತುಂಬ ಚಿಪ್ಪು. ಮುಟ್ಟಲಿ, ನೋಡಲಿ, ಅಲ್ಲೇ ಬಿಡಲಿ. ಎಷ್ಟೋ ಚಿಪ್ಪಿನೊಳಗೆ ಏಡಿ ಸಂಸಾರ ಮಾಡಿರುತ್ತದೆ. ಅಮ್ಮನಿಗೆ ದೋಣಿ ಹತ್ತಿ ಇಳಿಯುವುದು ಕಷ್ಟ ಅನಿಸಿದರೆ ಮಲ್ಪೆಯಲ್ಲೇ ಇರಲಿ, ನಾನು ಜೊತೆಗಿರುತ್ತೇನೆ.

ಸಂಕ್ರಾಂತಿಗೆ ಮುಂಚೆಯೋ ಆಮೇಲೋ, ತಾರೀಖು ಗಟ್ಟಿ ಮಾಡಿ ತಿಳಿಸು. ಆ ಎರಡು ದಿನ ಹೊನ್ನಾವರದಲ್ಲಿ ಇಳಿತ ಎಷ್ಟು ಗಂಟೆಗೆ ಅಂತ ನೋಡಿ ಬರೆಯುತ್ತೇನೆ. ಮಕ್ಕಳಿಗೆ ಕೆಸರಾದರೂ ಪರವಾಗಿಲ್ಲ ಅನ್ನುವ ಎರಡೆರಡು ಜೊತೆ ಬಟ್ಟೆ ಜಾಸ್ತಿ ಹಾಕಿಕೊಂಡು ಬಾ.

ನಿನ್ನ ಗೆಳೆಯ,
ಕುಂದಾಪುರದಿಂದ