ಬೇರ್ಡ್ ಜೊತೆಗೆ ಶೋನ್‌ಬರ್ಗ್ ತಂಡವನ್ನೂ ನೆನೆಯಬೇಕು

ಮಾನ್ಯರೇ,

ಬ್ರಿಟನ್ನಿನ ಟೆಲಿವಿಷನ್ ಪ್ರಸಾರದ ಆರಂಭ ಕುರಿತು ಪತ್ರಿಕೆಯಲ್ಲಿ ಪ್ರಕಟವಾದ ಲೇಖನವು ಅದರ ಸಂಪೂರ್ಣ ಶ್ರೇಯಸ್ಸನ್ನು ಸ್ಕಾಟ್ಲೆಂಡಿನ ಸಂಶೋಧಕ ಜಾನ್ ಲೋಗಿ ಬೇರ್ಡ್ ಒಬ್ಬರಿಗೇ ಸಲ್ಲಿಸಿರುವುದು ಸರಿಯಲ್ಲ. 1926ರಲ್ಲಿ ಲಂಡನ್ನಿನಲ್ಲಿ ಅವರು ನೀಡಿದ ಟೆಲಿವಿಷನ್ ಪ್ರಾತ್ಯಕ್ಷಿಕೆ ಐತಿಹಾಸಿಕವೆಂಬುದು ನಿಜ. ಆದರೆ 1936ರ ನವೆಂಬರ್ 2ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಿಂದ ಬಿಬಿಸಿ ನಿಯಮಿತ ಟೆಲಿವಿಷನ್ ಪ್ರಸಾರ ಆರಂಭಿಸಿದಾಗ, ಬೇರ್ಡ್ ಅವರ 240 ಗೆರೆಗಳ (ಚಿತ್ರವನ್ನು ಅಷ್ಟು ಅಡ್ಡಗೆರೆಗಳಾಗಿ ವಿಂಗಡಿಸಿ ಬಿತ್ತರಿಸುವ) ಪದ್ಧತಿಯೊಂದಿಗೆ ಇಎಂಐ ಕಂಪನಿಯ ಎಂಜಿನಿಯರ್ ಐಸಾಕ್ ಶೋನ್‌ಬರ್ಗ್ ನೇತೃತ್ವದ ತಂಡ ರೂಪಿಸಿದ 405 ಗೆರೆಗಳ ಪದ್ಧತಿಯೂ ಸರದಿಯಂತೆ ಬಳಕೆಯಲ್ಲಿತ್ತು. ಬೇರ್ಡ್ ಪದ್ಧತಿಯಲ್ಲಿ ಸ್ಟುಡಿಯೊ ದೃಶ್ಯವನ್ನು ಫಿಲಂನಲ್ಲಿ ಸೆರೆಹಿಡಿದು, ಅಲ್ಲೇ ತೊಳೆದು, ಒದ್ದೆಯಿರುವಾಗಲೇ ಬಿತ್ತರಿಸಬೇಕಿದ್ದುದರಿಂದ ಕ್ಯಾಮೆರಾವನ್ನು ಕದಲಿಸುವಂತಿರಲಿಲ್ಲ. ಶೋನ್‌ಬರ್ಗ್ ತಂಡದ ಎಲೆಕ್ಟ್ರಾನಿಕ್ ಕ್ಯಾಮೆರಾಗಳಾದರೋ 1937ರ ಮೇ ತಿಂಗಳಲ್ಲಿ ದೊರೆ ಆರನೆಯ ಜಾರ್ಜ್ ಅವರ ಪಟ್ಟಾಭಿಷೇಕದ ಮೆರವಣಿಗೆಯನ್ನು ಹೈಡ್ ಪಾರ್ಕ್ ಕಾರ್ನರ್‌ನಿಂದ ನೇರವಾಗಿ ಮನೆಗಳಿಗೆ ತಲುಪಿಸಿದವು. ವಿದ್ಯಾರ್ಥಿಗಳೂ ಓದುವ ಪತ್ರಿಕೆಯಾದ್ದರಿಂದ, ಈ ತಂಡದ ಕೊಡುಗೆಯನ್ನು ವಿವರಿಸುವ ಪೂರಕ ಲೇಖನವೊಂದನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

– ಓದುಗ, ಮೈಸೂರು