ಮನೆಯಲ್ಲಿ ಆಪರೇಟರ್ ಯಾರು?

ಮಾನ್ಯ ಸಂಪಾದಕರೇ,

ಯಾವ ಹೊಸ ಸಿನಿಮಾ ಯಾವ ಒಟಿಟಿಗೆ ಬಂತು ಅಂತ ನೀವು ವಾರ ವಾರ ಪಟ್ಟಿ ಹಾಕುತ್ತೀರಿ. ನಾನು ಅದನ್ನು ತಪ್ಪದೆ ನೋಡುತ್ತೇನೆ. ಆ ಪಟ್ಟಿಯ ಕೆಳಗೆ ಇನ್ನೊಂದು ನಾಲ್ಕು ಸಾಲು ಸೇರಿಸಿ ಎಂದು ಕೇಳಲು ಈ ಪತ್ರ.

ನಾನು ಇಪ್ಪತ್ತೇಳು ವರ್ಷ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವನು. ರೀಲು ಹೋಗಿ ಡಿಜಿಟಲ್ ಬಂದಾಗ ಕ್ಯಾಬಿನ್ ಬಿಟ್ಟು ಇಳಿದೆ. ಈಗ ಮಂಡಿ ನೋವು, ಹೊಸ ಸಿನಿಮಾ ಏನಿದ್ದರೂ ಮನೆಯ ಟಿವಿಯಲ್ಲೇ. ಸಿನಿಮಾ ಇಷ್ಟು ಬೇಗ ಮನೆಗೆ ಬರಬಾರದು ಅಂತ ನನ್ನ ಹಳೇ ಸ್ನೇಹಿತರು ಬೈಯುತ್ತಾರೆ. ಹಾಲಿವುಡ್‌ನಲ್ಲಿ 2020ಕ್ಕೆ ಮೊದಲು ಸುಮಾರು ಮೂರು ತಿಂಗಳು ಕಾಯಬೇಕಿತ್ತು. 2021ರಲ್ಲಿ ವಾರ್ನರ್ ಬ್ರದರ್ಸ್ ಕಂಪನಿ ಅಮೆರಿಕದಲ್ಲಿ ಆ ವರ್ಷದ ಸಿನಿಮಾಗಳನ್ನು ಥಿಯೇಟರಿಗೂ ಮನೆಗೂ ಒಂದೇ ದಿನ ಬಿಟ್ಟಿತು. ಬೇಗ ಬಂದರೆ ನನಗೇನೂ ಬೇಜಾರಿಲ್ಲ. ಮಂಡಿಗಂತೂ ಒಳ್ಳೆಯದೇ. ನನ್ನ ತಕರಾರು ಬೇರೆ.

ಮೊನ್ನೆ ಮಗ ದೊಡ್ಡ ಟಿವಿ ತಂದ. ಹೊಸ ಸಿನಿಮಾ ಹಾಕಿ ಎಲ್ಲರೂ ಕೂತೆವು. ಹತ್ತು ನಿಮಿಷ ಆಗಿರಬೇಕು, ಮೊಮ್ಮಗಳು "ತಾತ, ಇದು ಸೀರಿಯಲ್ ಥರ ಇದೆ ಅಲ್ವಾ?" ಎಂದಳು. ನನ್ನ ಕಣ್ಣಿಗೂ ಅದೇ ಚುಚ್ಚುತ್ತಿತ್ತು. ಕ್ಯಾಮೆರಾ ತಿರುಗಿದರೆ ಎಣ್ಣೆ ಸವರಿದ ಹಾಗೆ ಜಾರುತ್ತಿತ್ತು. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ಟಿವಿ ಅದು ಸಾಲದು ಎಂದು ನಡುನಡುವೆ ಇಲ್ಲದ ಫ್ರೇಮ್‌ಗಳನ್ನು ತಾನೇ ಹುಟ್ಟಿಸಿ ತುರುಕುತ್ತದೆ. ಕ್ರಿಕೆಟ್‌ನಂಥ ಆಟ ನೋಡುವಾಗ ಅದು ಚೆಂದ, ಸಿನಿಮಾಕ್ಕೆ ಅಲ್ಲ. ಎಷ್ಟೋ ಟಿವಿಗಳು ಕಾರ್ಖಾನೆಯಿಂದಲೇ ಹೀಗೆ ಬರುತ್ತವೆ. ಇದನ್ನು ಆಫ್ ಮಾಡಿ ಎಂದು 2018ರಲ್ಲಿ ಹಾಲಿವುಡ್ ನಟ ಟಾಮ್ ಕ್ರೂಸ್ ವಿಡಿಯೊ ಮಾಡಿ ಹೇಳಿದ್ದರು. ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಮೋಷನ್ ಎಂಬ ಪದವಿರುವ ಏನಾದರೂ ಇದ್ದರೆ ಹೆಚ್ಚಾಗಿ ಅದೇ. 'ಫಿಲ್ಮ್‌ಮೇಕರ್ ಮೋಡ್' ಇದ್ದರೆ ಇನ್ನೂ ಸುಲಭ, ಒಂದೇ ಸಲಕ್ಕೆ ಮುಗಿಯಿತು.

ಆಮೇಲೆ ಮಗ, ಮೇಲೂ ಕೆಳಗೂ ಕಪ್ಪು ಪಟ್ಟಿ ಯಾಕೆ ಅಂತ ಝೂಮ್ ಒತ್ತಿದ. ಪರದೆ ತುಂಬಿತು, ಹೀರೋ ಜೊತೆ ಮಾತಾಡುತ್ತಿದ್ದವನು ಮಾಯ! ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಯ ಚಿತ್ರವನ್ನು ಟಿವಿಯ ಅಳತೆಗೆ ತುಂಬಿಸಿದರೆ ಅಗಲದಲ್ಲಿ ಸುಮಾರು ಕಾಲು ಭಾಗ ಹೊರಗೆ ಹೋಗುತ್ತದೆ. ರೀಲಿನಲ್ಲಿ ಅಡ್ಡಕ್ಕೆ ಕುಗ್ಗಿಸಿದ ಚಿತ್ರವನ್ನು ಅಗಲ ಮಾಡುವ ಸ್ಕೋಪ್ ಲೆನ್ಸ್ ಹಾಕುವುದು ನಾನು ಒಮ್ಮೆ ಮರೆತಿದ್ದೆ. ಪರದೆ ಮೇಲೆ ಎಲ್ಲರೂ ಕಡ್ಡಿಯಂತೆ ಉದ್ದ. ಒಂದು ನಿಮಿಷದಲ್ಲಿ ಹಾಲ್ ತುಂಬ ಶಿಳ್ಳೆ, ಜೊತೆಗೆ ನನಗೆ ಬೈಗುಳ. ಮನೆಯಲ್ಲಿ ಶಿಳ್ಳೆ ಹೊಡೆಯುವವರು ಯಾರೂ ಇಲ್ಲ. ತಪ್ಪಾಗಿ ಓಡಿದರೆ ಹಾಗೇ ಓಡುತ್ತಿರುತ್ತದೆ.

ಮಾತು ಕೇಳಿಸುವುದಿಲ್ಲ ಎನ್ನುವುದು ನನ್ನ ಹೆಂಡತಿಯ ದೂರು. ಪಿಸುಮಾತಿಗೆ ವಾಲ್ಯೂಮ್ ಏರಿಸುತ್ತಾಳೆ, ಮರುಕ್ಷಣ ಬಾಂಬ್ ಸಿಡಿದರೆ ರಿಮೋಟ್‌ಗೆ ಓಡುತ್ತಾಳೆ. ಕಿವಿ ಕೆಟ್ಟಿತು ಎಂದೇ ಅವಳು ನಂಬಿದ್ದಳು, ಪಾಪ. ಥಿಯೇಟರಿನಲ್ಲಿ ಮಾತಿಗೆಂದೇ ಪರದೆಯ ಹಿಂದೆ, ನಡುವೆ ಒಂದು ಸ್ಪೀಕರ್ ಇರುತ್ತದೆ. ಟಿವಿಯ ಎರಡು ಪುಟ್ಟ ಸ್ಪೀಕರ್‌ಗಳು ಎಷ್ಟೋ ಸಲ ನೆಲದ ಕಡೆ ಮುಖ ಮಾಡಿರುತ್ತವೆ. ಆಡಿಯೊ ಮೆನುವಿನಲ್ಲಿ 5.1 (ಆರು ಸ್ಪೀಕರ್‌ಗೆಂದು ಮಾಡಿದ ಶಬ್ದ) ಬಿಟ್ಟು, ಎರಡು ಸ್ಪೀಕರಿನ ಸ್ಟೀರಿಯೊ ಇದ್ದ ಕಡೆ ಅದನ್ನು ಆರಿಸಿದೆ. ಪೂರ್ತಿ ಸರಿಯಾಗಲಿಲ್ಲ, ಆದರೆ ರಿಮೋಟ್ ಹಿಡಿದು ಓಡುವುದು ಕಡಿಮೆಯಾಯಿತು.

ಕೊನೆಯದು ಸಿನಿಮಾ ಮಾಡಿದವರ ಹೆಸರುಗಳು. ಕಥೆ ಮುಗಿದು ಹೆಸರು ಬರಲು ಶುರುವಾದರೆ ಸಾಕು, ಚಿತ್ರ ಮೂಲೆಗೆ ಕುಗ್ಗಿ ಇನ್ನೊಂದು ಸಿನಿಮಾದ ಜಾಹೀರಾತು ಮುಂದೆ ಬರುತ್ತದೆ. ಕೊನೇ ಹಾಡಿನ ಗುಂಗಿನಲ್ಲಿ ಕೂರಲೂ ಬಿಡುವುದಿಲ್ಲ. ಇದರಲ್ಲಿ ನಾನೇನೂ ಸಾಚಾ ಅಲ್ಲ. ಮುಂದಿನ ಆಟಕ್ಕೆ ಹೊತ್ತಾಯಿತು ಎಂದು ಮ್ಯಾನೇಜರ್ ಕೂಗಿದಾಗ ಹೆಸರು ಓಡುತ್ತಿರುವಾಗಲೇ ದೀಪ ಹಾಕಿಸಿದ್ದೇನೆ, ಕೆಲವು ಸಲ ಪ್ರೊಜೆಕ್ಟರಿನ ಲ್ಯಾಂಪ್ ಕೂಡ ಮುಚ್ಚಿದ್ದೇನೆ. ಆದರೆ ಮನೆಯಲ್ಲಿ ಮುಂದಿನ ಆಟಕ್ಕೆ ಯಾರು ಕ್ಯೂ ನಿಂತಿರುತ್ತಾರೆ? ಹೆಸರು ನೋಡುವ ಬಟನ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ, ಕೆಲವೇ ಸೆಕೆಂಡಿನಲ್ಲಿ ಒತ್ತಬೇಕು ಅಷ್ಟೆ. ಈಗ ಆ ಕೆಲಸ ಮೊಮ್ಮಗಳದು.

ಮೋಷನ್, ಝೂಮ್, ಸ್ಟೀರಿಯೊ, ಹೆಸರಿನ ಬಟನ್. ಇವಿಷ್ಟನ್ನು ನಿಮ್ಮ ಪಟ್ಟಿಯ ಕೆಳಗೆ ಒಂದು ಸಲ ಹಾಕಿ. ಅಕ್ಷರ ಸ್ವಲ್ಪ ದೊಡ್ಡದಿರಲಿ, ರಿಮೋಟ್ ಒಂದು ಕೈಯಲ್ಲಿ ಹಿಡಿದು ಓದಬೇಕು.

ಇಂತಿ,
ನಿಮ್ಮ ಓದುಗ, ಒಬ್ಬ ಹಳೇ ಆಪರೇಟರ್